ಹೊಟ್ಟೆಯ ಬೈಪಾಸ್ ಆಗಿದೆ, ಈಗ ಸೊಂಟದ ಕೀಲು ಬದಲಿಸಬೇಕು: ತಯಾರಿ ಹೇಗೆ?

ಪ್ರಶ್ನೆ: ಕೊಡಗಿನ ನಾಪೋಕ್ಲು ಹತ್ತಿರ ತೋಟದ ಮನೆಯಲ್ಲಿದ್ದೇವೆ. ನಮ್ಮ ಅವ್ವನಿಗೆ 61 ವರ್ಷ. ಒಂದೂವರೆ ವರ್ಷದ ಹಿಂದೆ ತೂಕ ಇಳಿಸಲು ಹೊಟ್ಟೆಯ ಬೈಪಾಸ್ ಆಪರೇಷನ್ ಆಗಿ, 112 ಕೆ.ಜಿ. ಇದ್ದವರು 76ಕ್ಕೆ ಬಂದಿದ್ದಾರೆ. ಮಂಡಿ ನೋವು ಎಷ್ಟೋ ಕಡಿಮೆಯಾಯಿತು, ಬಲಗಡೆ ಸೊಂಟದ್ದು ಮಾತ್ರ ಹೋಗಲಿಲ್ಲ. ಕೀಲು ಪೂರ್ತಿ ಸವೆದಿದೆ, ಬದಲಿಸಬೇಕು ಅಂದಿದ್ದಾರೆ ಡಾಕ್ಟರು. "ತೂಕ ಇಳಿದಿದೆಯಲ್ಲ, ಇನ್ನೇನು ಭಯ" ಅನ್ನುತ್ತಾರೆ ನೆಂಟರು. ಬೇರೆ ತಯಾರಿ ಏನಾದರೂ ಬೇಕೇ? ಮಳೆಗಾಲಕ್ಕೆ ಮುಂಚೆ ಮಾಡಿಸಿಬಿಡಬಹುದೇ?

ಉತ್ತರ: ನೆಂಟರ ಮಾತು ಅರ್ಧ ನಿಜ. ನಡೆಯುವಾಗ ಸೊಂಟದ ಕೀಲಿನ ಮೇಲೆ ಬೀಳುವ ಒತ್ತಡ ದೇಹದ ತೂಕದ ಎರಡೂವರೆ–ಮೂರು ಪಟ್ಟು. ಅವ್ವ 36 ಕೆ.ಜಿ. ಇಳಿದಿದ್ದಾರೆ ಅಂದರೆ ಒಂದೊಂದು ಹೆಜ್ಜೆಗೂ ಆ ಕೀಲಿನಿಂದ ಸುಮಾರು 90–108 ಕೆ.ಜಿ. ಭಾರ ಇಳಿದ ಲೆಕ್ಕ. ಸವೆದ ಮೃದ್ವಸ್ಥಿ ಮಾತ್ರ ಮತ್ತೆ ಬೆಳೆಯುವುದಿಲ್ಲ, ಅದಕ್ಕೇ ನೋವು ಉಳಿದಿದೆ.

ನೆಂಟರು ನೋಡದ ಇನ್ನರ್ಧ ಬೇರೆ. ತೂಕದ ಜೊತೆ ದೇಹದ ದಾಸ್ತಾನೂ ಕರಗಿರುತ್ತದೆ. ಬೈಪಾಸ್‌ನಲ್ಲಿ ಊಟವು ಹೊಟ್ಟೆಯ ದೊಡ್ಡ ಭಾಗವನ್ನೂ ಸಣ್ಣಕರುಳಿನ ಮೊದಲ ತುಂಡನ್ನೂ ಬಿಟ್ಟು ಮುಂದೆ ಹೋಗುತ್ತದೆ. ಕಬ್ಬಿಣ, ಕ್ಯಾಲ್ಸಿಯಂ ಹೆಚ್ಚಾಗಿ ಹೀರಿಕೊಳ್ಳುವುದು ಆ ತುಂಡಿನಲ್ಲೇ. ಬಿ12 ಮೈಗೆ ಹತ್ತಲು ಹೊಟ್ಟೆಯ ಒಳಪದರದಿಂದ ಬರುವ ಒಂದು ಅಂಶ ಬೇಕು, ಅದೂ ಈಗ ಊಟದ ಜೊತೆ ಸರಿಯಾಗಿ ಸೇರುವುದಿಲ್ಲ. ಹೊರಗಿನಿಂದ ಮನೆ ಚೊಕ್ಕಟ, ಒಳಗೆ ಪತ್ತಾಯ (ಕಣಜ) ಅರ್ಧ ಖಾಲಿ. ಗಾಯ ಒಣಗಲು, ರಕ್ತ ತುಂಬಿಕೊಳ್ಳಲು, ಹೊಸ ಕೀಲನ್ನು ಮೂಳೆ ಹಿಡಿದುಕೊಳ್ಳಲು ಬೇಕಾಗುವುದೆಲ್ಲ ಆ ಪತ್ತಾಯದಿಂದಲೇ ಬರಬೇಕು. ಹಾಗಾಗಿ ನಿಮ್ಮ ತಯಾರಿ ಎಂದರೆ ಮುಖ್ಯವಾಗಿ ಅದನ್ನು ತುಂಬಿಸುವುದು.

ಒಂದು ಸಮಾಧಾನ: ಒಂದೂವರೆ ವರ್ಷ ಕಳೆದಿದೆ. ತೂಕ ಭರಭರನೆ ಇಳಿಯುತ್ತಿರುವ ಮೊದಲ ಆರು ತಿಂಗಳಲ್ಲಿ ದೇಹ ತನ್ನ ಸ್ನಾಯುವನ್ನೇ ಕರಗಿಸಿಕೊಳ್ಳುತ್ತಿರುತ್ತದೆ. ಆಗ ಇನ್ನೊಂದು ದೊಡ್ಡ ಆಪರೇಷನ್ ಬೇಡವೆಂದು ಸಾಮಾನ್ಯವಾಗಿ ಕಾಯಿಸುತ್ತಾರೆ. ಕಳೆದ ಎರಡು ಮೂರು ತಿಂಗಳಿಂದ ಅವ್ವನ ತೂಕ ಒಂದೇ ಕಡೆ ನಿಂತಿದೆಯೇ ನೋಡಿ. ನಿಂತಿದ್ದರೆ ಒಳ್ಳೆಯದು.

ರಕ್ತ ಪರೀಕ್ಷೆಯನ್ನು ಆಪರೇಷನ್‌ಗೆ ಎರಡು ದಿನ ಇರುವಾಗ ಮಾಡಿಸಿ ಪ್ರಯೋಜನವಿಲ್ಲ, ಆರರಿಂದ ಎಂಟು ವಾರ ಮುಂಚೆ ಆಗಬೇಕು. ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿರುವ ಕಬ್ಬಿಣದ ದಾಸ್ತಾನು), ಬಿ12, ವಿಟಮಿನ್ ಡಿ, ಕ್ಯಾಲ್ಸಿಯಂ, ಆಲ್ಬುಮಿನ್ (ರಕ್ತದಲ್ಲಿನ ಒಂದು ಪ್ರೋಟೀನ್), ಸಕ್ಕರೆ ಕಾಯಿಲೆ ಇದ್ದರೆ ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ. ಹಿಮೋಗ್ಲೋಬಿನ್ 13ರ ಆಸುಪಾಸು ಇರಲಿ ಎಂದು ಬಹಳಷ್ಟು ಕಡೆ ಬಯಸುತ್ತಾರೆ. ಆಲ್ಬುಮಿನ್ 3.5ಕ್ಕಿಂತ ಕೆಳಗಿದ್ದರೆ ಗಾಯದ ತೊಂದರೆ ಹೆಚ್ಚು. ಕಬ್ಬಿಣ ಕಡಿಮೆ ಇದ್ದರೆ ಬೈಪಾಸ್ ಆದವರಿಗೆ ಮಾತ್ರೆ ಸಾಲದಿರಬಹುದು. ರಕ್ತನಾಳದ ಮೂಲಕ ಡ್ರಿಪ್‌ನಲ್ಲಿ ಕಬ್ಬಿಣ ಕೊಡಬಹುದೇ ಎಂದು ಕೇಳಿ. ಕ್ಯಾಲ್ಸಿಯಂನಲ್ಲಿ ಸಿಟ್ರೇಟ್ ರೂಪದ್ದು ಇವರಿಗೆ ಮೇಲು, ಅದಕ್ಕೆ ಹೊಟ್ಟೆಯ ಆಮ್ಲ ಬೇಕಿಲ್ಲ. ಬೈಪಾಸ್ ಆದವರಲ್ಲಿ ಮೂಳೆಯ ಸಾಂದ್ರತೆಯೂ ಇಳಿಯುತ್ತದೆ. ಅದನ್ನು ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿದ್ದರೆ ಕೀಲನ್ನು ಸಿಮೆಂಟ್ ಹಾಕಿ ಕೂರಿಸಬೇಕೋ ಹಾಗೇ ಕೂರಿಸಬೇಕೋ ಎಂದು ಸರ್ಜನ್ ತೀರ್ಮಾನಿಸಲು ಸಲೀಸು.

ಇಲ್ಲಿ ನಮ್ಮ ಕಾಫಿಯ ಮೇಲೊಂದು ದೂರಿದೆ. ಬೆಳಿಗ್ಗೆ ಎದ್ದ ಕೂಡಲೇ ಬೆಲ್ಲದ ಕಾಫಿ, ಅದರ ಜೊತೆಗೇ ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಎಲ್ಲ ಒಟ್ಟಿಗೆ ನುಂಗುವ ಮನೆಗಳಿವೆ. ಕಾಫಿಯೂ ಕ್ಯಾಲ್ಸಿಯಂ ಕೂಡ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ. ಮೂರಕ್ಕೂ ನಡುವೆ ಎರಡೆರಡು ಗಂಟೆ ಅಂತರ ಬೇಕು.

ಊಟಕ್ಕೆ ಬರೋಣ. ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಗುರಿ ಇಟ್ಟುಕೊಳ್ಳಿ (ಕಿಡ್ನಿ ತೊಂದರೆ ಇದ್ದರೆ ಡಾಕ್ಟರು ಹೇಳಿದಷ್ಟೇ). ಎರಡು ಮೊಟ್ಟೆಯಲ್ಲಿ 12, ಬೇಯಿಸಿದ 100 ಗ್ರಾಂ ಕೋಳಿಯಲ್ಲಿ 25ರ ಮೇಲೆ, ಒಂದು ಬಟ್ಟಲು ಮೊಸರಿನಲ್ಲಿ 6–7, ಬೆಂದ ಹೆಸರುಕಾಳು ಒಂದು ಸಣ್ಣ ಬಟ್ಟಲಿಗೆ 7. ಉಳಿದದ್ದಕ್ಕೆ ಡಾಕ್ಟರು ಹೇಳಿದ ಪ್ರೋಟೀನ್ ಪುಡಿ. ಕಷ್ಟ ಎಲ್ಲಿದೆ ಅಂದರೆ ಅವ್ವನ ಹೊಟ್ಟೆ ಈಗ ಸಣ್ಣ ಬಟ್ಟಲಷ್ಟು. ಕಡಂಬಿಟ್ಟು, ನೂಪಿಟ್ಟು, ಅಕ್ಕಿ ರೊಟ್ಟಿಯಿಂದ ಶುರು ಮಾಡಿದರೆ ಎರಡು ತುತ್ತಿಗೇ ತುಂಬಿಹೋಗುತ್ತದೆ, ಎಲ್ಲವೂ ಅಕ್ಕಿಯೇ. ಮೊದಲು ಕೋಳಿ ತುಂಡು, ಮೀನು ಅಥವಾ ಮೊಟ್ಟೆ, ಕೊನೆಗೆ ಜಾಗವಿದ್ದರೆ ಕಡಂಬಿಟ್ಟು. ಪಂದಿ ಕರಿ ಬೇಡವೇ ಬೇಡ ಎನ್ನಲು ನನಗೆ ಬಾಯಿ ಬರುವುದಿಲ್ಲ: ಕೊಬ್ಬು ಬಿಟ್ಟು ಮಾಂಸದ ತುಂಡು ಎರಡು, ಚೆನ್ನಾಗಿ ಅಗಿದು. ನೀರು ಊಟದ ಜೊತೆ ಬೇಡ, ಅರ್ಧ ಗಂಟೆ ಬಿಟ್ಟು ಗುಟುಕು ಗುಟುಕಾಗಿ. ಸಿಹಿ ಪಾಯಸ, ಗ್ಲೂಕೋಸ್ ನೀರು ಒಮ್ಮೆಲೇ ಕುಡಿದರೆ ಬೆವರು, ಎದೆಬಡಿತ, ಭೇದಿ ಶುರುವಾಗಬಹುದು. ಆಪರೇಷನ್ ಮುನ್ನಾದಿನ "ಶಕ್ತಿಗೆ" ಎಂದು ಯಾರಾದರೂ ಸಕ್ಕರೆ ಪಾನೀಯ ತಂದರೆ ಬೈಪಾಸ್ ವಿಷಯ ಹೇಳಿ.

ಈಗ ನಾನು ಅತಿ ಹೆಚ್ಚು ಒತ್ತಿ ಹೇಳಬೇಕಾದ ಮಾತು, ನೋವಿನ ಮಾತ್ರೆ. ಡೈಕ್ಲೋಫೆನಾಕ್, ಐಬುಪ್ರೊಫೆನ್, ಅಸಿಕ್ಲೋಫೆನಾಕ್ ಜಾತಿಯವು ಬೈಪಾಸ್ ಆದವರಿಗೆ ಬೇಡ. ಹೊಟ್ಟೆಗೆ ಕರುಳನ್ನು ಹೊಲಿದು ಕೂಡಿಸಿದ ಜಾಗದಲ್ಲಿ ಹುಣ್ಣಾಗುತ್ತದೆ, ರಕ್ತ ಸೋರಬಹುದು, ತೂತೂ ಬೀಳಬಹುದು. ಸೊಂಟದ ನೋವಿಗೆ ಮೆಡಿಕಲ್ ಶಾಪಿನಲ್ಲಿ ಕೇಳಿದರೆ ಕೈಗೆ ಬರುವುದು ಬಹುಪಾಲು ಇವೇ. ಎಷ್ಟೋ ಸಲ ಪ್ಯಾರಾಸಿಟಮಾಲ್ ಜೊತೆ ಬೆರೆಸಿದ ಮಾತ್ರೆಯಾಗಿರುತ್ತದೆ. ಸ್ಟ್ರಿಪ್ ಹಿಂದಿನ ಸಣ್ಣ ಅಕ್ಷರ ಓದಿ. ಮೂಳೆ ವಾರ್ಡಿನಲ್ಲಿ ಮನೆಗೆ ಕಳಿಸುವ ಚೀಟಿ ಬರೆಯುವವರೂ ಅಭ್ಯಾಸಬಲದಿಂದ ಇದನ್ನೇ ಬರೆದುಬಿಡಬಹುದು. ಬೆರಕೆಯಿಲ್ಲದ ಪ್ಯಾರಾಸಿಟಮಾಲ್, ನರ ಮರಗಟ್ಟಿಸುವ ಇಂಜೆಕ್ಷನ್, ಬೇಕಾದರೆ ಸ್ವಲ್ಪ ದಿನದ ಮಟ್ಟಿಗೆ ಬಲವಾದ ಮಾತ್ರೆ, ದಾರಿಗಳು ಬೇರೆಯೂ ಇವೆ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಔಷಧಿಯ ಬಗ್ಗೆಯೂ ಕೇಳಿ. ಆಸ್ಪಿರಿನ್ ಇವರಿಗೆ ಆಗುತ್ತದೆಯೇ? ನುಂಗುವ ಮಾತ್ರೆ ಪೂರ್ತಿ ಮೈಗೆ ಹತ್ತುತ್ತದೆಯೇ, ಅಥವಾ ಹೊಟ್ಟೆಯ ಚರ್ಮಕ್ಕೆ ಚುಚ್ಚುವ ಸೂಜಿಯೇ ಸರಿಯೇ? ಹಳೆಯ ತೂಕಕ್ಕೆ ಗೊತ್ತುಮಾಡಿದ ಬಿಪಿ, ಸಕ್ಕರೆ ಮಾತ್ರೆಗಳ ಅಳತೆಯನ್ನೂ ಈಗಲೇ ತೂಗಿ ನೋಡಿಸಿ.

ಅರಿವಳಿಕೆ ಡಾಕ್ಟರ ಹತ್ತಿರ "ಹೊಟ್ಟೆ ಆಪರೇಷನ್ ಆಗಿದೆ" ಅಂದರೆ ಸಾಲದು. ಬೈಪಾಸೋ, ಸ್ಲೀವೋ (ಹೊಟ್ಟೆಯನ್ನಷ್ಟೇ ಕತ್ತರಿಸಿ ಸಣ್ಣದು ಮಾಡುವ ಬಗೆ), ಯಾವ ತಿಂಗಳು ಆಯಿತು, ಹುಳಿತೇಗು ಇದೆಯೇ, ಗೊರಕೆಗೆ ಸಿಪ್ಯಾಪ್ ಯಂತ್ರ ಇದೆಯೇ, ಎಲ್ಲ ಹೇಳಿ. ಹಳೆಯ ಡಿಸ್‌ಚಾರ್ಜ್ ಸಮ್ಮರಿಯ ಪ್ರತಿ ಕೈಯಲ್ಲಿರಲಿ. ಇವರಿಗೆ ಮೂಗಿನಿಂದ ಹೊಟ್ಟೆಗೆ ನಳಿಕೆಯನ್ನು ಕಣ್ಣಂದಾಜಿನಲ್ಲಿ ಇಳಿಸುವಂತಿಲ್ಲ, ಹೊಲಿಗೆಗೆ ತಾಗೀತು.

ಚರ್ಮದ ಮಾತು ಚಿಕ್ಕದಾಗಿ ಕಂಡರೂ ಎಷ್ಟೋ ಸಲ ಆಪರೇಷನ್ ಮುಂದೂಡುವುದು ಇದರಿಂದಲೇ. ತೂಕ ಇಳಿದವರ ತೊಡೆಸಂದಿನಲ್ಲಿ ಚರ್ಮ ಜೋತುಬಿದ್ದು, ಬೆವತು, ಹುಳುಕಡ್ಡಿಯಾಗುತ್ತದೆ. ನಾಚಿಕೆಪಟ್ಟು ಮುಚ್ಚಿಡದೆ ಮೊದಲೇ ವಾಸಿ ಮಾಡಿಸಿಕೊಳ್ಳಬೇಕು. ಮಳೆಗಾಲದಲ್ಲಾದರೆ ಜಿಗಣೆ. ಕಚ್ಚಿದ ಜಾಗ ಕೆರೆದು ಕೆರೆದು ಹುಣ್ಣಾದ ಕಾಲನ್ನು ನೋಡಿದರೆ ಸರ್ಜನ್ ಚಾಕು ಕೆಳಗಿಡುತ್ತಾರೆ. ಹಲ್ಲಿನ ಕೀವು, ಮೂತ್ರದ ಸೋಂಕೂ ಹಾಗೇ. ಎಲೆಯಡಿಕೆ ಜೊತೆ ಹೊಗೆಸೊಪ್ಪು ಇದ್ದರೆ ಕನಿಷ್ಠ ನಾಲ್ಕು ವಾರ ಮುಂಚೆ ಬಿಡಬೇಕು. ಬೈಪಾಸ್ ಆದವರಿಗೆ ಮದ್ಯ ಬೇಗ ತಲೆಗೇರುತ್ತದೆ. ನೋವಿನ ಬಲವಾದ ಮಾತ್ರೆ ನಡೆಯುತ್ತಿರುವಾಗ ಹಬ್ಬದ ನೆಪದಲ್ಲೂ ಬೇಡ.

ಊರುಗೋಲು ಹಿಡಿದಿದ್ದಾರೆಯೇ? ಬಲಗಡೆ ನೋವಿದ್ದರೆ ಕೋಲು ಎಡಗೈಯಲ್ಲಿರಬೇಕು. ಬಹಳ ಜನ ನೋವಿದ್ದ ಕಡೆಗೇ ಹಿಡಿಯುತ್ತಾರೆ. ತೊಡೆ, ಪೃಷ್ಠದ ಸ್ನಾಯು ಬಿಗಿ ಮಾಡುವ ವ್ಯಾಯಾಮವನ್ನು ಫಿಸಿಯೋ ಹತ್ತಿರ ಈಗಲೇ ಕಲಿತುಕೊಳ್ಳಲಿ. ಬೆಳಗಿನ ನಡಿಗೆ ಅಂಗಳದಲ್ಲೇ ಸಾಕು. ನಸುಕಿನಲ್ಲಿ ತೋಟದ ದಾರಿಗೆ ಹೋಗಿ ಆನೆ ಎದುರಾದರೆ ಆ ಕಾಲಲ್ಲಿ ಓಡಲಾದೀತೇ?

ಮನೆಯನ್ನೂ ಸಜ್ಜು ಮಾಡಿ. ಆಪರೇಷನ್ ದಿನವೋ ಮರುದಿನವೋ ನಿಲ್ಲಿಸಿ ವಾಕರ್ ಹಿಡಿಸುತ್ತಾರೆ. ಆಮೇಲೆ ಆರರಿಂದ ಹನ್ನೆರಡು ವಾರ, ಕೀಲನ್ನು ಹಿಂಬದಿಯಿಂದ ಕೊಯ್ದು ಹಾಕಿದ್ದರೆ ಮುಖ್ಯವಾಗಿ, ಸೊಂಟ 90 ಡಿಗ್ರಿಗಿಂತ ಬಾಗಬಾರದು, ಕಾಲ ಮೇಲೆ ಕಾಲು ಹಾಕಬಾರದು. ತೂಕ ಇಳಿಸುವ ಆಪರೇಷನ್ ಆದವರಲ್ಲಿ ಹೊಸ ಕೀಲು ಜಾರುವುದು ತುಸು ಹೆಚ್ಚೆಂದು ಕೆಲವು ಅಧ್ಯಯನಗಳಲ್ಲಿ ಕಂಡಿದೆ, ಆದ್ದರಿಂದ ಇದನ್ನು ಸಡಿಲ ಬಿಡಬೇಡಿ. ಅಂದರೆ ಕುಕ್ಕರಗಾಲಿನ ಕಕ್ಕಸು ಬೇಡ, ಎತ್ತರದ ಕಮೋಡ್ ಬೇಕು. ಮಣೆ ಮೇಲೆ ಕೂತು ತರಕಾರಿ ಹೆಚ್ಚುವುದು ಬೇಡ. ಐನ್‌ಮನೆಯ (ಕುಟುಂಬದ ಮೂಲಮನೆಯ) ಐಮರ, ಅಂದರೆ ಜಗುಲಿಯ ಕಂಬಗಳ ನಡುವಿನ ಮರದ ಹಲಗೆ, ಮಂಡಿಗಿಂತ ತಗ್ಗಾಗಿದ್ದರೆ ಅಲ್ಲೂ ಕೂರುವುದು ಬೇಡ. ಹಿರಿಯರ ಕಾಲು ಮುಟ್ಟಿ ನಮಸ್ಕರಿಸುವುದನ್ನು ಈ ವರ್ಷ ಕೈ ಮುಗಿಯುವುದಕ್ಕೆ ಇಳಿಸಿ, ಯಾರೂ ಮುನಿಸಿಕೊಳ್ಳುವುದಿಲ್ಲ. ಎತ್ತರದ ಹೊಸ್ತಿಲಿಗೆ ಹಲಗೆ, ಪಾಚಿ ಕಟ್ಟಿದ ಮೆಟ್ಟಿಲಿಗೆ ಬ್ಲೀಚಿಂಗ್ ಪುಡಿ, ಬಚ್ಚಲಿಗೆ ಹಿಡಿಕೆ. ಮೊದಲ ವಾರಗಳಲ್ಲಿ ಸೀರೆಯ ನೆರಿಗೆ ಬಾಗಿ ಸರಿಮಾಡುವ ಗೊಡವೆ ಬಿಟ್ಟು ನೈಟಿ ಸಾಕು.

ಐದಾರು ದಿನ ಕಳೆದರೂ ಗಾಯದಿಂದ ನೀರು ಜಿನುಗುತ್ತಿದ್ದರೆ, ಮೀನಖಂಡ ಊದಿಕೊಂಡು ನೋಯುತ್ತಿದ್ದರೆ, ಮಲ ಡಾಂಬರಿನಂತೆ ಕಪ್ಪಾದರೆ, ವಾಂತಿ ನಿಲ್ಲದಿದ್ದರೆ ಅದೇ ದಿನ ಡಾಕ್ಟರಿಗೆ ತೋರಿಸಿ. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಅಥವಾ ಕಾಲು ಗಿಡ್ಡವಾಗಿ ಒಂದು ಕಡೆಗೆ ತಿರುಗಿ ಹೆಜ್ಜೆ ಊರಲಾಗದಿದ್ದರೆ ಗಳಿಗೆಯೂ ಕಾಯದೆ 108ಕ್ಕೆ ಫೋನ್ ಮಾಡಿ ಹತ್ತಿರದ ದೊಡ್ಡ ಆಸ್ಪತ್ರೆಗೆ.

ತಿಂಗಳಿನ ವಿಷಯ: ನನ್ನ ಆಯ್ಕೆ ಮಾರ್ಚ್. ಕಾಫಿ ಕುಯ್ಲು ಮುಗಿದಿರುತ್ತದೆ, ಅವ್ವನನ್ನು ನೋಡಿಕೊಳ್ಳಲು ಮನೆಯಲ್ಲಿ ಕೈಗಳಿರುತ್ತವೆ, ಹೊಲಿಗೆ ಬಿಚ್ಚುವುದೂ ಆರನೇ ವಾರದ ತಪಾಸಣೆಯೂ ಜೂನ್ ಮಳೆಗೆ ಮೊದಲೇ ಮುಗಿಯುತ್ತದೆ. ರಕ್ತ ಪರೀಕ್ಷೆ ಜನವರಿಯಲ್ಲಿ ಆಗಲಿ. ಕಬ್ಬಿಣ ಅಥವಾ ಆಲ್ಬುಮಿನ್ ಏರದಿದ್ದರೆ ಮಾತ್ರ ಮಳೆ ಬಂತೆಂದು ಅವಸರ ಮಾಡದೆ ಮುಂದೂಡಿ. ಮೈಸೂರಿಗೆ ಹೋಗುವುದಾದರೆ ಮಡಿಕೇರಿಯಿಂದಲೇ ಸುಮಾರು 120 ಕಿ.ಮೀ. ವಾಪಸು ಬರುವಾಗ ತಗ್ಗಿನ ಸೀಟಿನ ಕಾರೂ ಬೇಡ, ಹತ್ತಬೇಕಾದ ಜೀಪೂ ಬೇಡ. ಮುಂದಿನ ಸೀಟು ಹಿಂದಕ್ಕೆ ಸರಿಸಿ, ಗಟ್ಟಿ ದಿಂಬು ಹಾಕಿ, ಹುಣಸೂರಿನಲ್ಲೊಮ್ಮೆ ಕುಶಾಲನಗರದಲ್ಲೊಮ್ಮೆ ಇಳಿಸಿ ಹತ್ತು ಹೆಜ್ಜೆ ನಡೆಸಿ.