ಯುರೋಪಲ್ಲಿ ಔಷಧಿಗೆ ಅಪ್ರೂವಲ್ ಒಂದೇ, ಆದ್ರೂ ಜರ್ಮನಿಯಲ್ಲಿ ಸಿಗೋದು ಪೋರ್ಚುಗಲ್‌ನಲ್ಲಿ ಯಾಕೆ ಸಿಗಲ್ಲ?

ಓದುಗರ ಪ್ರಶ್ನೆ: ನಮ್ ಭಾವ ಲಿಸ್ಬನ್‌ನಲ್ಲಿದ್ದಾರೆ, ಕ್ಯಾನ್ಸರ್‌ಗೆ ಟ್ರೀಟ್‌ಮೆಂಟ್ ನಡೀತಿದೆ. ಡಾಕ್ಟರ್ ಹೇಳಿದ ಹೊಸ ಔಷಧಿಗೆ ಯುರೋಪ್ ಪೂರ್ತಿ ಅಪ್ರೂವಲ್ ಆಗಿ ವರ್ಷ ದಾಟಿದೆಯಂತೆ, ಜರ್ಮನಿಯಲ್ಲಿ ಕೊಡ್ತಿದಾರಂತೆ, ಇಲ್ಲಿ ಮಾತ್ರ ಇನ್ನೂ ಬಂದಿಲ್ಲ ಅಂತಾರೆ. ಒಂದೇ ಯೂನಿಯನ್ ತಾನೇ, ಯಾಕೆ ಹೀಗೆ? ಜರ್ಮನಿಗೆ ಹೋಗಿ ತಗೊಂಡ್ರೆ ಆಗಲ್ವಾ?

ಇದನ್ನ ಡಬ್ಲಿನ್‌ನಲ್ಲಿರೋರೂ ಕೇಳ್ತಾರೆ, ವಾರ್ಸಾದಲ್ಲಿರೋರೂ ಕೇಳ್ತಾರೆ. ನೇರವಾಗಿ ಹೇಳ್ಬೇಕು ಅಂದ್ರೆ ಔಷಧಿ ಮಾರಬಹುದು ಅಂತ ಹೇಳೋರು ಬೇರೆ, ಅದಕ್ಕೆ ದುಡ್ಡು ಕೊಡೋರು ಬೇರೆ. ಆಮ್‌ಸ್ಟರ್‌ಡ್ಯಾಮ್‌ನಲ್ಲಿರೋ ಇಎಂಎ, ಅಂದ್ರೆ ಯುರೋಪಿನ ಔಷಧಿ ಸಂಸ್ಥೆ, ಔಷಧಿ ಕೆಲಸ ಮಾಡತ್ತಾ, ಸೇಫಾ, ಕ್ವಾಲಿಟಿ ಸರಿ ಇದೆಯಾ ಅಷ್ಟು ನೋಡತ್ತೆ, ಅದು ಓಕೆ ಅಂದ್ಮೇಲೆ ಯುರೋಪಿಯನ್ ಕಮಿಷನ್ ಕೊಡೋ ಪರ್ಮಿಷನ್ 27 ದೇಶಕ್ಕೂ ಲೆಕ್ಕ. ಬೆಲೆ ವಿಷಯಕ್ಕೆ ಬಂದ್ರೆ ಇವರಿಬ್ಬರೂ ತುಟಿ ಪಿಟಕ್ ಅನ್ನಲ್ಲ. ಯೂನಿಯನ್ನಿನ ಒಪ್ಪಂದದ 168ನೇ ಆರ್ಟಿಕಲ್‌ನಲ್ಲೇ ಆರೋಗ್ಯ ವ್ಯವಸ್ಥೆ ನಡೆಸೋದು, ದುಡ್ಡು ಹಂಚೋದು ಆಯಾ ದೇಶದ ಜವಾಬ್ದಾರಿ ಅಂತ ಬರೆದಿದೆ. ಅಪ್ರೂವಲ್ ಅಂದ್ರೆ ಡಿಎಲ್ ಇದ್ದ ಹಾಗೆ, ಗಾಡಿ ಯಾರು ಕೊಡಿಸ್ತಾರೆ ಅನ್ನೋದು ಬೇರೆ ಮಾತು.

ವ್ಯತ್ಯಾಸ ಎಷ್ಟಿದೆ ಅಂದ್ರೆ, 2025ರಲ್ಲಿ ಬಂದ ಒಂದು ಸರ್ವೇ ಪ್ರಕಾರ ಅಪ್ರೂವಲ್ ಆದ್ಮೇಲೆ ರೋಗಿಗಳಿಗೆ ಸಿಗೋಕೆ ಯುರೋಪಲ್ಲಿ ಸರಾಸರಿ 578 ದಿನ, ಜರ್ಮನಿಯಲ್ಲಿ 128 ದಿನ, ಪೋರ್ಚುಗಲ್‌ನಲ್ಲಿ 840 ದಿನ. ಇದು ಔಷಧಿ ಕಂಪನಿಗಳ ಸಂಘ ಎಫ್ಪಿಯಾ ತನ್ನ ದುಡ್ಡಲ್ಲಿ ಮಾಡಿಸೋ ಸರ್ವೇ, ಓದುವಾಗ ಅದೊಂದು ತಲೆಯಲ್ಲಿರಲಿ, ಯಾಕಂದ್ರೆ ತಡ ಆಗೋದರಲ್ಲಿ ಸರ್ಕಾರದ ಪಾಲೂ ಇದೆ, ಆ ದೇಶದಲ್ಲಿ ಅರ್ಜಿ ಹಾಕೋದನ್ನೇ ಮುಂದೂಡೋ ಕಂಪನಿ ಪಾಲೂ ಇದೆ. ಕಾನೂನಿನಲ್ಲಿ ಗಡುವು ಇಲ್ವಾ ಅಂದ್ರೆ ಇದೆ, 1989ರ ಡೈರೆಕ್ಟಿವ್ ಪ್ರಕಾರ ಬೆಲೆ ಮತ್ತೆ ಮರುಪಾವತಿ (ಸರ್ಕಾರ ಅಥವಾ ವಿಮೆ ದುಡ್ಡು ಕೊಡತ್ತಾ ಅನ್ನೋದು) ಎರಡೂ ಸೇರಿ 180 ದಿನದಲ್ಲಿ ತೀರ್ಮಾನ ಆಗ್ಬೇಕು, ಆದ್ರೆ ಅಧಿಕಾರಿಗಳು ಇನ್ನೊಂದಿಷ್ಟು ಮಾಹಿತಿ ಕೊಡಿ ಅಂದ ತಕ್ಷಣ ಗಡಿಯಾರ ನಿಂತುಬಿಡತ್ತೆ.

ಜರ್ಮನಿಯಲ್ಲಿ ಬೇಗ ಯಾಕೆ ಅಂದ್ರೆ ಅಲ್ಲಿ ಮೊದ್ಲು ಮಾರು, ಆಮೇಲೆ ಚೌಕಾಸಿ. 2011ರಿಂದ ಆಮ್ನೋಗ್ ಅನ್ನೋ ಕಾನೂನಿದೆ. ಕಂಪನಿ ತನಗೆ ಬೇಕಾದ ಬೆಲೆ ಹಾಕ್ಕೊಂಡು ಮೊದಲ ದಿನದಿಂದಲೇ ಮಾರಬಹುದು, ವಿಮೆ ಸಂಸ್ಥೆಗಳು ಕೊಡ್ತವೆ. ಅಷ್ಟರಲ್ಲಿ ಜಿ-ಬಿಎ ಅನ್ನೋ ಸಮಿತಿ, ಸಾಮಾನ್ಯವಾಗಿ ಕಲೋನ್‌ನ ಐಕ್ವಿಗ್ ಸಂಸ್ಥೆ ಮಾಡಿಕೊಟ್ಟ ರಿಪೋರ್ಟ್ ಇಟ್ಕೊಂಡು, ಈಗಾಗ್ಲೇ ಇರೋ ಟ್ರೀಟ್‌ಮೆಂಟಿಗಿಂತ ಇದರಿಂದ ಹೆಚ್ಚುವರಿ ಲಾಭ ಏನಿದೆ ಅಂತ ತೀರ್ಪು ಕೊಡತ್ತೆ, ಅದರ ಮೇಲೆ ಬೆಲೆಯ ಜಗ್ಗಾಟ. ಮೊದಲು ಒಂದು ವರ್ಷ ಪೂರ್ತಿ ಕಂಪನಿ ಹೇಳಿದ್ದೇ ಬೆಲೆ ಆಗಿತ್ತು, 2022ರಲ್ಲಿ ಅದನ್ನ ಆರು ತಿಂಗಳಿಗೆ ಇಳಿಸಿದ್ರು, ಮಾತುಕತೆಯಲ್ಲಿ ಗಟ್ಟಿಯಾದ ಬೆಲೆ ಈಗ ಏಳನೇ ತಿಂಗಳಿಂದಲೇ ಲಾಗು.

ಹೆಚ್ಚುವರಿ ಲಾಭ ಅನ್ನೋ ಮಾತಲ್ಲೇ ಎಲ್ಲಾ ಸಿಕ್ಕಿಹಾಕಿಕೊಳ್ಳೋದು. ಇಎಂಎಗೆ ಔಷಧಿ ಕೆಲಸ ಮಾಡತ್ತೆ ಅಂತ ತೋರಿಸಿದ್ರೆ ಸಾಕು, ದುಡ್ಡು ಕೊಡೋರು ಮಾತ್ರ ಯಾವುದಕ್ಕಿಂತ ಚೆನ್ನಾಗಿ ಅಂತ ಕೇಳ್ತಾರೆ. ಕ್ಯಾನ್ಸರ್ ಔಷಧಿನೇ ತಗೊಳ್ಳಿ, ಸ್ಕ್ಯಾನ್‌ನಲ್ಲಿ ಗೆಡ್ಡೆ ಇಷ್ಟು ತಿಂಗಳು ಬೆಳೀಲಿಲ್ಲ ಅಂತ ತೋರಿಸಿ ಎಷ್ಟೋ ಔಷಧಿ ಅಪ್ರೂವ್ ಆಗಿವೆ, ಅದನ್ನೇ ಹಿಡ್ಕೊಂಡು ಐಕ್ವಿಗ್ ಮುಂದೆ ಹೋದ್ರೆ ರೋಗಿ ಎಷ್ಟು ಹೆಚ್ಚು ಕಾಲ ಬದುಕಿದ, ನೋವು ಕಮ್ಮಿ ಆಯ್ತಾ, ಎದ್ದು ಓಡಾಡಿದ್ನಾ ಹೇಳಿ, ಬರೀ ಸ್ಕ್ಯಾನ್ ಲೆಕ್ಕ ನಮಗೆ ಸಾಲದು ಅಂತಾರೆ. ನನ್ನ ಪ್ರಕಾರ ಇದು ನ್ಯಾಯವಾದ ಪ್ರಶ್ನೆ. ಫ್ರಾನ್ಸಲ್ಲೂ ಹೀಗೇ ಹೊಸ ಔಷಧಿಗೆ ಒಂದರಿಂದ ಐದರವರೆಗೆ ಗ್ರೇಡ್ ಇದೆ, ಐದು ಬಂದ್ರೆ ಏನೂ ಸುಧಾರಣೆ ಇಲ್ಲ ಅಂತ, ಬೆಲೆಯೂ ಹಾಗೇ ಬೀಳತ್ತೆ.

ಈ ಜಗ್ಗಾಟ ಕೈ ಮೀರಿದ್ರೆ ಏನಾಗತ್ತೆ ಅನ್ನೋಕೆ ಝಿಂಟೆಗ್ಲೋ ಅನ್ನೋ ಔಷಧಿಯ ಕಥೆ ನೋಡಿ. ಬೀಟಾ ಥಲಸ್ಸೇಮಿಯಾ ತೀವ್ರವಾಗಿದ್ರೆ ಅದು ತಿಂಗಳು ತಿಂಗಳು ರಕ್ತ ಹಾಕಿಸ್ಕೊಂಡೇ ಬದುಕೋ ಕಾಯಿಲೆ, ನಮ್ಮಲ್ಲೂ ಅಂಥ ಮಕ್ಕಳು ಬೇಕಾದಷ್ಟಿದ್ದಾರೆ. ಅಮೆರಿಕದ ಬ್ಲೂಬರ್ಡ್ ಬಯೋ ಇದಕ್ಕೆ ಒಂದೇ ಸಲ ಕೊಡೋ ಜೀನ್ ಥೆರಪಿ (ರೋಗಿಯ ಜೀವಕೋಶಕ್ಕೆ ಸರಿಯಾದ ಜೀನ್ ಸೇರಿಸೋ ಚಿಕಿತ್ಸೆ) ಮಾಡ್ತು, 2019ರಲ್ಲಿ ಯುರೋಪಲ್ಲಿ ಷರತ್ತಿನ ಅಪ್ರೂವಲ್ ಸಿಕ್ತು. ಬೆಲೆ 15 ಲಕ್ಷದ 75 ಸಾವಿರ ಯೂರೋ! ಒಂದೇ ಸಲ ಬೇಡ, ಐದು ಕಂತಲ್ಲಿ ಕೊಡಿ, ಒಂದೊಂದು ಕಂತು 3 ಲಕ್ಷದ 15 ಸಾವಿರ, ಮೊದಲನೇದು ಈಗ, ಉಳಿದಿದ್ದು ರೋಗಿಗೆ ಮತ್ತೆ ರಕ್ತ ಬೇಕಾಗದೇ ಇದ್ರೆ ಮಾತ್ರ ಅಂದ್ರು. ಐಡಿಯಾ ಏನೋ ಚೆನ್ನಾಗಿತ್ತು. ಆದ್ರೆ ಟ್ರಯಲ್ ಆಗಿದ್ದು ಬೆರಳೆಣಿಕೆ ಜನರ ಮೇಲೆ, ಹತ್ತು ಹದಿನೈದು ವರ್ಷ ಆದ್ಮೇಲೂ ಪರಿಣಾಮ ನಿಲ್ಲತ್ತಾ ಅನ್ನೋಕೆ ಡೇಟಾ ಇಲ್ಲ, ಜರ್ಮನಿಯ ವಿಮೆಯವರು ಅಷ್ಟು ಕೊಡೋಕೆ ಒಪ್ಪಲಿಲ್ಲ, ಕಂಪನಿಯೂ ಪಟ್ಟು ಬಿಡಲಿಲ್ಲ. 2021ರ ಏಪ್ರಿಲ್‌ನಲ್ಲಿ ಜರ್ಮನಿ ಬಿಟ್ರು, ಆಗಸ್ಟ್‌ನಲ್ಲಿ ಯುರೋಪಿಂದಲೇ ಗಂಟುಮೂಟೆ ಕಟ್ಟಿದ್ರು. ಅಪ್ರೂವಲ್ ಇತ್ತು, ಔಷಧಿ ಇತ್ತು, ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮಾರನೇ ವರ್ಷ ಅದನ್ನೇ ಅಮೆರಿಕದಲ್ಲಿ 28 ಲಕ್ಷ ಡಾಲರ್‌ಗೆ ಇಟ್ರು, ಅಲ್ಲೂ ಕಂಪನಿ ಉದ್ಧಾರ ಆಗಲಿಲ್ಲ, 2025ರಲ್ಲಿ ಪ್ರೈವೇಟ್ ಇಕ್ವಿಟಿಯವರಿಗೆ, ಅಂದ್ರೆ ಕಂಪನಿಗಳನ್ನ ಕೊಳ್ಳೋ ಹೂಡಿಕೆದಾರರಿಗೆ, ಅಗ್ಗಕ್ಕೆ ಮಾರ್ಕೊಂಡ್ರು.

ಸರಿ, ಪೋರ್ಚುಗಲ್‌ಗೆ ಕಮ್ಮಿ ರೇಟಿಗೆ ಕೊಡಬಹುದಲ್ವಾ ಅಂತೀರಾ? ಕೊಡಬಹುದು, ಆದ್ರೆ ಯುರೋಪಲ್ಲಿ ಬಹುತೇಕ ದೇಶಗಳು ಪಕ್ಕದೋರ ಬೆಲೆ ನೋಡ್ಕೊಂಡೇ ತಮ್ಮ ಬೆಲೆ ಕಟ್ಟೋದು. ಒಂದು ಕಡೆ ಕಮ್ಮಿ ಬೆಲೆ ಲಿಸ್ಟ್‌ನಲ್ಲಿ ಬಿತ್ತು ಅಂದ್ರೆ ಇನ್ನೂ ಹತ್ತು ಕಡೆ ನಮಗೂ ಅಷ್ಟಕ್ಕೇ ಕೊಡಿ ಅಂತಾರೆ. ಅದಕ್ಕೇ ಕಂಪನಿಗಳು ಮೊದಲು ಜರ್ಮನಿಯಂಥ ದೊಡ್ಡ ಮಾರ್ಕೆಟ್‌ಗೆ ಬರ್ತವೆ, ಕಮ್ಮಿ ಬೆಲೆಯ ದೇಶಗಳನ್ನ ಕೊನೆಗೆ ಇಟ್ಕೊಳ್ತವೆ. ಇದರಿಂದ ತಪ್ಪಿಸ್ಕೊಳ್ಳೋಕೆ ಹುಟ್ಟಿದ ಇನ್ನೊಂದು ದಾರಿ ಗುಟ್ಟಿನ ಡಿಸ್ಕೌಂಟು, ಹೊರಗೆ ಕಾಣೋ ಲಿಸ್ಟ್ ಬೆಲೆ ಎಲ್ಲಾ ಕಡೆ ಹೆಚ್ಚು ಕಮ್ಮಿ ಒಂದೇ, ಒಳಗೆ ಯಾವ ಸರ್ಕಾರಕ್ಕೆ ಎಷ್ಟು ಬಿಟ್ಟರು ಅನ್ನೋದು ಆ ಸರ್ಕಾರಕ್ಕೂ ಕಂಪನಿಗೂ ಮಾತ್ರ ಗೊತ್ತು. ಹಾಗಾಗಿ ಪೇಪರ್‌ನಲ್ಲಿ ಬರೋ ಇಂಥ ದೇಶದಲ್ಲಿ ಇಂತಿಷ್ಟು ಅನ್ನೋ ಹೋಲಿಕೆಗಳನ್ನ ಪೂರ್ತಿ ನಂಬಬೇಡಿ. ನಮ್ಮಲ್ಲಿ 16 ಕೋಟಿ ಇಂಜೆಕ್ಷನ್ ಅಂತಲೇ ಫೇಮಸ್ ಆದ ಝೋಲ್ಗೆನ್ಸ್ಮಾಗೆ ಇಂಗ್ಲೆಂಡಲ್ಲಿ ಲಿಸ್ಟ್ ಬೆಲೆ 17.9 ಲಕ್ಷ ಪೌಂಡ್, ಎನ್‌ಎಚ್‌ಎಸ್ (ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ) ನಿಜವಾಗಿ ಎಷ್ಟು ಕೊಡತ್ತೆ ಅನ್ನೋದು ಗುಟ್ಟು. ಜರ್ಮನಿಯಲ್ಲಿ ಮಾತುಕತೆಯ ಬೆಲೆ ಎಲ್ಲರಿಗೂ ಕಾಣ್ತಿತ್ತು, ಈಗ ಅಲ್ಲೂ ಬೆಲೆ ಮುಚ್ಚಿಡೋಕೆ ಕಾನೂನು ಬಂದಿದೆ, ಮುಚ್ಚಿಡ್ಬೇಕು ಅಂದ್ರೆ ಕಂಪನಿ ಮೇಲೆ ಇನ್ನೂ 9% ಬಿಡ್ಬೇಕು.

ಈಚೆಗೆ ಅಮೆರಿಕದ ಕಾಟ ಬೇರೆ ಸೇರ್ಕೊಂಡಿದೆ. ಬೇರೆ ಶ್ರೀಮಂತ ದೇಶಗಳಿಗೆ ಕೊಡೋ ಕಮ್ಮಿ ಬೆಲೆಗೇ ನಮಗೂ ಕೊಡಿ ಅಂತ ಟ್ರಂಪ್ 2025ರ ಮೇ ತಿಂಗಳಲ್ಲಿ ಆರ್ಡರ್ ಮಾಡಿದ ಮೇಲೆ ಯುರೋಪಲ್ಲಿ ಬೆಲೆ ಇಳಿಸೋಕೆ ಕಂಪನಿಗಳಿಗೆ ಇನ್ನೂ ಭಯ. ಲಿಲ್ಲಿ ಕಂಪನಿ ಬ್ರಿಟನ್ನಲ್ಲಿ ಪ್ರೈವೇಟಾಗಿ ತಗೊಳ್ಳೋರಿಗೆ ಮೌಂಜಾರೋ (ಡಯಾಬಿಟಿಸ್, ತೂಕ ಇಳಿಸೋ ಇಂಜೆಕ್ಷನ್) ಬೆಲೆ 170% ತನಕ ಏರಿಸಿದ್ದು ಅದೇ ವರ್ಷ. ಹೊಸ ಔಷಧಿಗೆ ಎಷ್ಟರ ತನಕ ಕೊಡಬಹುದು ಅಂತ ಇಂಗ್ಲೆಂಡಿನ ನೈಸ್ ಸಂಸ್ಥೆ ವರ್ಷಾನುಗಟ್ಟಲೆ ಹಿಡ್ಕೊಂಡಿದ್ದ ಮಿತಿ, ಅಂದ್ರೆ ಒಳ್ಳೆ ಆರೋಗ್ಯದ ಒಂದು ವರ್ಷಕ್ಕೆ 20ರಿಂದ 30 ಸಾವಿರ ಪೌಂಡ್, ಅದನ್ನೂ ಅಮೆರಿಕದ ಜೊತೆ ಒಪ್ಪಂದ ಮಾಡ್ಕೊಂಡು 25ರಿಂದ 35 ಸಾವಿರಕ್ಕೆ ಏರಿಸೋದಾಗಿ ಡಿಸೆಂಬರ್‌ನಲ್ಲಿ ಹೇಳಿದ್ರು.

ಸುಧಾರಣೆ ಏನೂ ಇಲ್ವಾ ಅಂದ್ರೆ ಒಂದಿದೆ. 2025ರ ಜನವರಿ 12ರಿಂದ ಹೊಸ ಕ್ಯಾನ್ಸರ್ ಔಷಧಿ ಮತ್ತೆ ಜೀನ್, ಸೆಲ್ ಥೆರಪಿಗಳಿಗೆ ಯುರೋಪ್ ಪೂರ್ತಿಗೆ ಒಂದೇ ಕ್ಲಿನಿಕಲ್ ಮೌಲ್ಯಮಾಪನ (ಈಗಿರೋ ಚಿಕಿತ್ಸೆ ಜೊತೆ ಹೋಲಿಸಿ ನೋಡೋದು) ಶುರುವಾಗಿದೆ, 2028ರಲ್ಲಿ ಅಪರೂಪದ ಕಾಯಿಲೆಗಳದ್ದು, 2030ಕ್ಕೆ ಎಲ್ಲಾ ಹೊಸ ಔಷಧಿ. ಇಂಥ ಸಬ್ಮಿಷನ್‌ಗಳ ಲಿಟರೇಚರ್ ರಿವ್ಯೂ (ಇರೋ ಅಧ್ಯಯನಗಳನ್ನ ಹುಡುಕಿ ಒಟ್ಟುಮಾಡೋದು), ಡಾಸಿಯರ್ (ಕಂಪನಿ ಸಲ್ಲಿಸೋ ದಾಖಲೆ) ಕೆಲಸ ಬೆಂಗಳೂರಲ್ಲೂ ನಡೆಯತ್ತೆ, ನಾನೂ ಅದೇ ಲೈನು, ಅದಕ್ಕೇ ಹೇಳ್ತೀನಿ, ಒಂದೇ ರಿಪೋರ್ಟ್ ಅನ್ನೋದು ಕೇಳೋಕಷ್ಟೇ ಸುಲಭ. ಒಂದು ದೇಶ ಹಳೇ ಕೀಮೋ ಜೊತೆ ಹೋಲಿಸಿ ಅನ್ನತ್ತೆ, ಇನ್ನೊಂದು ಇಮ್ಯುನೋಥೆರಪಿ ಜೊತೆ ಅನ್ನತ್ತೆ, ಎಲ್ಲರ ಪ್ರಶ್ನೆಗೂ ಉತ್ತರ ಸೇರಿಸಿ ಕೊಡೋಕೆ ಕಂಪನಿಗೆ ಇರೋದು 100 ದಿನ. ಆ ರಿಪೋರ್ಟನ್ನ ದೇಶಗಳು ಪರಿಗಣಿಸಲೇಬೇಕು, ಬೆಲೆ ತೀರ್ಮಾನ ಮಾತ್ರ ಈಗಲೂ ಅವರವರದ್ದೇ.

ಇನ್ನು ಜರ್ಮನಿಗೆ ಹೋಗಿ ತಗೊಳ್ಳೋ ವಿಷಯ. ಪೋರ್ಚುಗಲ್ ಡಾಕ್ಟರ್ ಬರೆದ ಚೀಟಿ ಜರ್ಮನಿಯಲ್ಲೂ ನಡೆಯತ್ತೆ, ದುಡ್ಡು ವಾಪಸ್ ಸಿಗೋದು ಮಾತ್ರ ಅವರ ದೇಶದಲ್ಲಿ ಕವರ್ ಆಗೋ ಔಷಧಿಗೆ, ಇದು ಅಲ್ಲಿ ಇನ್ನೂ ಕವರ್ ಆಗದೇ ಇರೋದೇ ಸಮಸ್ಯೆ ಆದ್ದರಿಂದ ಪೂರ್ತಿ ಕೈಯಿಂದ ಕೊಡಬೇಕಾಗತ್ತೆ, ಹೊಸ ಕ್ಯಾನ್ಸರ್ ಔಷಧಿ ಅಂದ್ರೆ ಅದು ಸಣ್ಣ ಮೊತ್ತ ಅಲ್ಲ. ಅದಕ್ಕಿಂತ ಮೊದಲು ಭಾವನ ಡಾಕ್ಟರ್ ಹತ್ರ ಎರಡು ವಿಷಯ ಕೇಳಿಸಿ. ಒಂದು, ಈ ಔಷಧಿಗೆ ಕಂಪನಿಯ ಅರ್ಲಿ ಆಕ್ಸೆಸ್ ಪ್ರೋಗ್ರಾಂ (ಮರುಪಾವತಿ ತೀರ್ಮಾನಕ್ಕೆ ಮೊದಲೇ ರೋಗಿಗೆ ಔಷಧಿ ಕೊಡೋ ವ್ಯವಸ್ಥೆ) ಪೋರ್ಚುಗಲ್‌ನಲ್ಲಿ ಇದೆಯಾ. ಇನ್ನೊಂದು, ಆಸ್ಪತ್ರೆಯಿಂದ ಇನ್ಫಾರ್ಮೆಡ್‌ಗೆ, ಅಂದ್ರೆ ಅಲ್ಲಿನ ಔಷಧಿ ಪ್ರಾಧಿಕಾರಕ್ಕೆ, ವಿಶೇಷ ಬಳಕೆ ಅನುಮತಿಗೆ ಅರ್ಜಿ ಹಾಕೋಕಾಗತ್ತಾ. ಇದು ರೋಗಿಯ ಮನೆಯವರು ಹಾಕೋ ಅರ್ಜಿ ಅಲ್ಲ, ಆಸ್ಪತ್ರೆಯೇ ಹಾಕ್ಬೇಕು, ಹಾಗಾಗಿ ಡಾಕ್ಟರ್ ಬೆನ್ನು ಹತ್ತಬೇಕಾಗತ್ತೆ.