ಲ್ಯಾಪ್ ಟೈಮ್ ಯಾರದು, ಕಾರಿನದೋ ಟೈರಿನದೋ?

ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್‌ನಲ್ಲಿ 20.832 ಕಿಲೋಮೀಟರ್ ಉದ್ದದ ಹಳೆಯ ರೇಸ್ ಟ್ರ್ಯಾಕೊಂದಿದೆ. ಅದರ ಒಂದು ಸುತ್ತಿಗೆ ಹಿಡಿಯುವ ಸಮಯವೇ ಲ್ಯಾಪ್ ಟೈಮ್. ವೇಗದ ಕಾರು ಮಾಡುವ ಕಂಪನಿಗಳೆಲ್ಲ ತಮ್ಮ ದಾಖಲೆಗೆ ಅಲ್ಲಿಗೇ ಹೋಗುತ್ತವೆ. 2019ರಲ್ಲಿ ರೆನೋ ಮೆಗಾನ್ ಆರ್‌ಎಸ್ ಟ್ರೋಫಿ-ಆರ್ ಆ ಸುತ್ತನ್ನು 7 ನಿಮಿಷ 45.389 ಸೆಕೆಂಡಿನಲ್ಲಿ ಮುಗಿಸಿತು. 2023ರಲ್ಲಿ ಹೊಂಡಾ ಸಿವಿಕ್ ಟೈಪ್ ಆರ್ 7 ನಿಮಿಷ 44.881 ಸೆಕೆಂಡಿನಲ್ಲಿ ಓಡಿ, ಮುಂಚಕ್ರ ಚಾಲನೆಯ ಕಾರುಗಳ ದಾಖಲೆಯನ್ನು ಕಿತ್ತುಕೊಂಡಿತು. ಇಬ್ಬರ ನಡುವಿನ ಅಂತರ ಅರ್ಧ ಸೆಕೆಂಡ್. ಅಂದು ಹೊಂಡಾ ಹಾಕಿದ್ದು ಮಿಷೆಲಿನ್ ಪೈಲಟ್ ಸ್ಪೋರ್ಟ್ ಕಪ್ 2 ಕನೆಕ್ಟ್ ಟೈರ್. ಗ್ರಾಹಕರೂ ಅದನ್ನು ಕೊಳ್ಳಬಹುದು, ಆದರೆ ಕಾರ್ಖಾನೆಯಿಂದ ಆ ಕಾರು ಬರುವುದು ಪೈಲಟ್ ಸ್ಪೋರ್ಟ್ 4ಎಸ್ ಟೈರಿನ ಮೇಲೆ. ಹಾಗಾದರೆ ಆ ಅರ್ಧ ಸೆಕೆಂಡ್ ಯಾರದು?

ಕಲಬುರಗಿಯ ನಮ್ಮ ಅಲೈನ್‌ಮೆಂಟ್ ಅಂಗಡಿಗೆ ಬರುವ ಹುಡುಗರಿಗೆ ನಾನು ಈ ಪ್ರಶ್ನೆಯನ್ನು ಬಿಡದೆ ಕೇಳುತ್ತೇನೆ. ಮೊಬೈಲಿನಲ್ಲಿ ಎರಡು ಕಾರುಗಳ ಸಮಯ ತೋರಿಸಿ, "ಕಾಕಾ, ಇದು ಒಂದೂವರೆ ಸೆಕೆಂಡ್ ಮುಂದಿದೆ, ಇದರ ಇಂಜಿನ್ನೇ ಗಟ್ಟಿ" ಎನ್ನುತ್ತಾರೆ. "ಟೈರ್ ಯಾವುದು ತಮ್ಮಾ?" ಎಂದರೆ ಉತ್ತರವಿಲ್ಲ, ಏಕೆಂದರೆ ತೋರಿಸಿದ ವಿಡಿಯೊದಲ್ಲೇ ಅದನ್ನು ಹೇಳಿರುವುದಿಲ್ಲ. ಟೈರಿನ ಹೆಸರಿಲ್ಲದ ಲ್ಯಾಪ್ ಟೈಮನ್ನು ನಾನು ಜಾಹೀರಾತು ಎಂದೇ ಓದುತ್ತೇನೆ.

ಲೆಕ್ಕ ಹಾಕಿಯೇ ನೋಡೋಣ. 50 ಮೀಟರ್ ತ್ರಿಜ್ಯದ ಒಂದು ತಿರುವು, ಅರ್ಧ ವೃತ್ತದಷ್ಟು. ಟೈರಿನ ಹಿಡಿತದ ಗುಣಾಂಕ (ನೆಲವನ್ನು ಎಷ್ಟು ಬಲವಾಗಿ ಹಿಡಿಯುತ್ತದೆ ಎಂಬ ಅಳತೆ) 1 ಇದ್ದರೆ ಕಾರು ಅಲ್ಲಿ ಗಂಟೆಗೆ ಸುಮಾರು 80 ಕಿಲೋಮೀಟರ್ ವೇಗದಲ್ಲಿ ತಿರುಗಬಲ್ಲದು, ಅದಕ್ಕಿಂತ ಹೆಚ್ಚಿದರೆ ಜಾರುತ್ತದೆ. ಅದೇ ಕಾರಿಗೆ ಗುಣಾಂಕ 1.2 ಇರುವ ಟೈರ್ ಹಾಕಿ: ವೇಗ 87ಕ್ಕೆ ಏರುತ್ತದೆ. 157 ಮೀಟರಿನ ಆ ತಿರುವು 7.1 ಸೆಕೆಂಡಿಗೆ ಬದಲು 6.5 ಸೆಕೆಂಡಿನಲ್ಲಿ ಮುಗಿಯುತ್ತದೆ. ಒಂದೇ ತಿರುವಿನಲ್ಲಿ 0.6 ಸೆಕೆಂಡ್! ಬ್ರೇಕಿನ ಲೆಕ್ಕ ಇನ್ನೂ ಸ್ಪಷ್ಟ. 200 ಕಿಲೋಮೀಟರ್ ವೇಗದಿಂದ ಪೂರ್ತಿ ನಿಲ್ಲಲು ಮೊದಲ ಟೈರಿಗೆ 157 ಮೀಟರ್ ಬೇಕು, ಎರಡನೆಯದಕ್ಕೆ 131 ಸಾಕು. ಅಂದರೆ ಚಾಲಕ ಅಷ್ಟು ತಡವಾಗಿ ಬ್ರೇಕ್ ಒತ್ತಬಹುದು, ಪ್ರತಿ ತಿರುವಿನ ಮುಂದೆಯೂ.

ಇಂಜಿನ್ ಶಕ್ತಿ ಇಷ್ಟು ಧಾರಾಳವಾಗಿ ಸಮಯ ಕೊಡುವುದಿಲ್ಲ. ಶಕ್ತಿಯನ್ನು 10% ಹೆಚ್ಚಿಸಿದರೂ ನೇರ ದಾರಿಯಲ್ಲಿ ಉಳಿಯುವ ಸಮಯ ಹೆಚ್ಚೆಂದರೆ 3% ಮಾತ್ರ, ಮೊದಲೇ ವೇಗ ಹಿಡಿದಿರುವ ಕಾರಿಗೆ ಅದೂ ಸಿಗುವುದಿಲ್ಲ. ಹಿಡಿತ 10% ಹೆಚ್ಚಿದರೆ ತಿರುವಿನ ವೇಗ ಸುಮಾರು 5% ಏರುತ್ತದೆ. ಟ್ಯೂನಿಂಗ್‌ಗೆ ಲಕ್ಷಗಟ್ಟಲೆ ಸುರಿದು, ಹಳೆಯ ಗಟ್ಟಿ ಟೈರಿನಲ್ಲೇ ಟ್ರ್ಯಾಕಿಗೆ ಹೊರಟವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಸೆಮಿ-ಸ್ಲಿಕ್ ಎಂದು ಕರೆಯುವ ಟ್ರ್ಯಾಕ್ ಟೈರಿಗೆ ಈ ಹಿಡಿತ ಬರುವುದು ಎರಡು ಕಡೆಯಿಂದ. ಅದರ ರಬ್ಬರ್ ಮಿಶ್ರಣ ಬಿಸಿಯಾದಾಗ ಮೆತ್ತಗಾಗಿ ಡಾಂಬರಿನ ಸೂಕ್ಷ್ಮ ಹಳ್ಳದಿಣ್ಣೆಗಳೊಳಗೆ ಕೂರುತ್ತದೆ. ಎರಡನೆಯದು, ನೆಲ ತಾಗುವ ರಬ್ಬರ್ ಉಬ್ಬುಗಳಾದ ಅದರ ಬಟನ್‌ಗಳು ದೊಡ್ಡವು, ಗಿಡ್ಡವು. ಸಾಮಾನ್ಯ ಹೊಸ ಟೈರಿನ ಬಟನ್ ಸುಮಾರು 8 ಮಿಲಿಮೀಟರ್ ಎತ್ತರವಿದ್ದು, ತಿರುವಿನಲ್ಲಿ ಅತ್ತಿತ್ತ ಬಾಗುತ್ತದೆ. ಬಾಗಿದಷ್ಟೂ ಕಾಯುತ್ತದೆ, ಕಾದಷ್ಟೂ ಹರಿಯುತ್ತದೆ. ಚೆನ್ನೈನ ಟ್ರ್ಯಾಕಿನಲ್ಲಿ ಓಡಿಸಿ ಬಂದ ಕಾರೊಂದರ ಮುಂದಿನ ಎಡ ಟೈರನ್ನು ಇತ್ತೀಚೆಗೆ ಬಿಚ್ಚಿದೆ. ಹೊರ ಅಂಚಿನ ಬಟನ್‌ಗಳ ತುದಿ ಎಳೆಎಳೆಯಾಗಿ ಕಿತ್ತುಬಂದಿತ್ತು, ಒಳ ಅಂಚು ಹೊಸದರ ಹಾಗೇ ಇತ್ತು. ಪಕ್ಕದ ಗೋಡೆಯ ಮೇಲಿರುವ ಪುಟ್ಟ ತ್ರಿಕೋನ ಗುರುತಿನ ಕೆಳಗೂ ಉಜ್ಜಿದ ಕಲೆಯಿತ್ತು. ಗಾಳಿ ಕಡಿಮೆಯಿದ್ದು, ತಿರುವಿನಲ್ಲಿ ಟೈರ್ ಮಗುಚಿಕೊಂಡು ತನ್ನ ಗೋಡೆಯ ಮೇಲೇ ಓಡಿದೆ ಎಂದರ್ಥ. ಮಾಲೀಕರ ದೂರು ಮಾತ್ರ ಸ್ಟಿಯರಿಂಗ್ ಮೇಲಿತ್ತು.

ಗಾಳಿಯ ಒತ್ತಡದ ಮಾತು ನಮ್ಮ ಭಾಗದವರಿಗೆ ಬೇಗ ಅರ್ಥವಾಗಬೇಕು. ಬೆಳಿಗ್ಗೆ 25 ಡಿಗ್ರಿಯಲ್ಲಿ 33 ಪಿಎಸ್‌ಐ ತುಂಬಿಸಿ, ಓಟದಲ್ಲಿ ಟೈರಿನೊಳಗಿನ ಗಾಳಿ 70 ಡಿಗ್ರಿ ಮುಟ್ಟಿದರೆ ಒತ್ತಡ ಸರಿಸುಮಾರು 40 ಆಗುತ್ತದೆ. ಆಗ ಟೈರಿನ ನಡುಭಾಗವಷ್ಟೇ ನೆಲಕ್ಕೆ ಬಲವಾಗಿ ಒತ್ತಿಕೊಳ್ಳುತ್ತದೆ. ಆದ್ದರಿಂದ ಟ್ರ್ಯಾಕಿನವರು ಲೆಕ್ಕಕ್ಕೆ ಹಿಡಿಯುವುದು ಬಿಸಿ ಒತ್ತಡವನ್ನು, ಕಾರು ಒಳಬಂದು ನಿಂತ ಕೂಡಲೇ ಅಳೆದದ್ದನ್ನು. ಬೀದರಿನ ಡಿಸೆಂಬರ್ ಮುಂಜಾನೆಯಲ್ಲಿ ಹೊಂದಿಸಿದ ಟೈರ್ ಕಲಬುರಗಿಯ ಮೇ ತಿಂಗಳ ಮಧ್ಯಾಹ್ನಕ್ಕೆ ಬೇರೆಯೇ ಟೈರ್. ಒಂದು ಕಾರನ್ನು ಚಳಿಗಾಲದಲ್ಲೂ ಇನ್ನೊಂದನ್ನು ಬೇಸಿಗೆಯಲ್ಲೂ ಓಡಿಸಿ ಸಮಯ ಹೋಲಿಸುವವರು ಇದನ್ನು ಗಮನಿಸುವುದೇ ಇಲ್ಲ. ಎಷ್ಟನೆಯ ಸುತ್ತು ಎಂಬುದೂ ಮುಖ್ಯ. ಟ್ರ್ಯಾಕ್ ಟೈರ್ ಹದವಾಗಿ ಕಾದ ಮೊದಲ ಒಂದೆರಡು ಸುತ್ತುಗಳಲ್ಲಿ ಕೊಡುವುದನ್ನು ಆಮೇಲೆ ಕೊಡುವುದಿಲ್ಲ.

ಈ ಜಗಳ ಹೊಸದಲ್ಲ. 2008ರಲ್ಲಿ ನಿಸ್ಸಾನ್ ತನ್ನ ಜಿಟಿ-ಆರ್ ಅದೇ ನ್ಯೂರ್‌ಬರ್ಗ್‌ರಿಂಗ್‌ನಲ್ಲಿ 7 ನಿಮಿಷ 29 ಸೆಕೆಂಡ್ ಮಾಡಿತೆಂದಿತು. ಪೋರ್ಷೆಯವರು ತಾವೇ ಒಂದು ಜಿಟಿ-ಆರ್ ಕೊಂಡು ಓಡಿಸಿದಾಗ 7 ನಿಮಿಷ 54 ಸೆಕೆಂಡ್ ಬಂತು. ಅವರಿಗೆ ಮೊದಲು ಅನುಮಾನ ಬಂದದ್ದು ಟೈರಿನ ಮೇಲೆ. ನಿಸ್ಸಾನ್ ಒಪ್ಪಲಿಲ್ಲ, ಕಾರಿನೊಂದಿಗೆ ಮಾರುವ ಟೈರನ್ನೇ ಹಾಕಿದ್ದೆವು ಎಂದಿತು. ಇಪ್ಪತ್ತೈದು ಸೆಕೆಂಡಿನಲ್ಲಿ ಚಾಲಕನ ಅಭ್ಯಾಸ, ಹವಾಮಾನ ಎಲ್ಲವೂ ಸೇರಿರುತ್ತವೆ. ಆದರೂ ಎರಡು ದೊಡ್ಡ ಕಂಪನಿಗಳ ಜಗಳದಲ್ಲಿ ಬೆರಳು ಮೊದಲು ಹೋದದ್ದು ಎಲ್ಲಿಗೆ ಎಂಬುದನ್ನು ನೋಡಿ.

ಹಾಗಾದರೆ ಎರಡೂ ಕಾರುಗಳಿಗೆ ಒಂದೇ ಟೈರ್ ಹಾಕಿದರೆ ನ್ಯಾಯವಾಯಿತೇ? ಅರ್ಧ ನ್ಯಾಯ. ಫಾರ್ಮುಲಾ 1 ಪಂದ್ಯದಲ್ಲಿ 2011ರಿಂದ ಎಲ್ಲರಿಗೂ ಪಿರೆಲಿ ಟೈರೇ, ಆದರೆ ಅಲ್ಲಿ ಕಾರನ್ನೇ ಆ ಟೈರಿಗೆ ತಕ್ಕಂತೆ ಕಟ್ಟುತ್ತಾರೆ. ರಸ್ತೆಯ ಕಾರುಗಳ ಕಥೆ ತಿರುಗುಮುರುಗು. ಪೋರ್ಷೆಗೆಂದೇ ಮಾಡಿದ ಟೈರಿನ ಮೇಲೆ ಎನ್ ಗುರುತು, ಬಿಎಂಡಬ್ಲ್ಯುದರ ಮೇಲೆ ನಕ್ಷತ್ರ, ಮರ್ಸಿಡಿಸ್‌ನದರ ಮೇಲೆ ಎಂಒ ಇರುತ್ತದೆ. ಹೊರಗೆ ಒಂದೇ ಹೆಸರು ಕಂಡರೂ ಒಳಗಿನ ರಚನೆ ಆ ಕಾರಿನ ತೂಕ, ಸಸ್ಪೆನ್ಷನ್ ನೋಡಿ ಮಾಡಿದ್ದು. ಅದನ್ನು ತೆಗೆದು ಬೇರೆಯದನ್ನು ಹಾಕಿದರೆ ಒಂದು ಕಾರಿಗೆ ಲಾಭ, ಇನ್ನೊಂದಕ್ಕೆ ನಷ್ಟ ಆಗಬಹುದು. ನನ್ನ ಅಭಿಪ್ರಾಯದಲ್ಲಿ ಶೋರೂಮಿನಿಂದ ಬಂದ ಟೈರಿನಲ್ಲಿ ಒಮ್ಮೆ, ಇಬ್ಬರಿಗೂ ಒಂದೇ ಟೈರಿನಲ್ಲಿ ಇನ್ನೊಮ್ಮೆ, ಒಂದೇ ದಿನ ಓಡಿಸಬೇಕು. ಖರ್ಚು ಜಾಸ್ತಿ ಎಂಬುದು ನಿಜ. ಅಷ್ಟು ಖರ್ಚು ಮಾಡಲಾಗದಿದ್ದರೆ ಟೈರಿನ ಹೆಸರು, ಬಿಸಿ ಒತ್ತಡ, ಆ ದಿನದ ತಾಪಮಾನ ಇವನ್ನಾದರೂ ಸಮಯದ ಪಕ್ಕದಲ್ಲೇ ಬರೆಯಲಿ.

ಟೈರ್ ನಿಮ್ಮ ಕೈಯಲ್ಲೇ ಇದ್ದರೆ ಅದರ ಗೋಡೆಯನ್ನು ಓದಿ. DOT ಎಂದು ಶುರುವಾಗುವ ಸಂಕೇತದ ಕೊನೆಯ ನಾಲ್ಕು ಅಂಕಿಗಳು ತಯಾರಾದ ವಾರ ಮತ್ತು ವರ್ಷ: 2319 ಎಂದರೆ 2019ರ 23ನೇ ವಾರ. ನಮ್ಮ ಬಿಸಿಲಿನಲ್ಲಿ ವರ್ಷಗಟ್ಟಲೆ ನಿಂತ ಟೈರಿನ ಬಟನ್ ಸವೆಯದಿದ್ದರೂ ರಬ್ಬರ್ ಗಟ್ಟಿಯಾಗಿರುತ್ತದೆ. ಟ್ರೆಡ್‌ವೇರ್ ಎಂಬ ಸವೆತ ತಾಳಿಕೆಯ ಸಂಖ್ಯೆ ಇದ್ದರೆ, ಕಡಿಮೆಯಾದಷ್ಟೂ ಸಾಮಾನ್ಯವಾಗಿ ಮೆತ್ತನೆಯ ರಬ್ಬರ್. ಆದರೆ ಆ ಸಂಖ್ಯೆಯನ್ನು ತಯಾರಕರೇ ಕೊಡುವುದರಿಂದ ಎರಡು ಕಂಪನಿಗಳ ನಡುವೆ ಹೋಲಿಸಲು ಹೋಗಬೇಡಿ.

ಲ್ಯಾಪ್ ಟೈಮ್ ನೋಡಿ ಮರುಳಾಗಿ ಸೆಮಿ-ಸ್ಲಿಕ್ ಬೇಕೆಂದು ಕೇಳುವವರಿಗೆ ಮಳೆಗಾಲದಲ್ಲಿ ನಾನು ಹಾಕಿಕೊಡುವುದಿಲ್ಲ. ಜುಲೈನಲ್ಲಿ ತೊಗರಿ ಹೊಲದಿಂದ ಹೊರಬರುವ ಟ್ರ್ಯಾಕ್ಟರುಗಳು ಕರಿಮಣ್ಣನ್ನು ರಸ್ತೆಗೆ ಮೆತ್ತುತ್ತವೆ, ಸೇಡಂ ರಸ್ತೆಯಲ್ಲಿ ಸಿಮೆಂಟ್ ಲಾರಿಗಳು ಉದುರಿಸಿದ ಪುಡಿ ಮೊದಲ ಮಳೆಗೆ ಕೆಸರಾಗುತ್ತದೆ. ನೀರನ್ನು ಹೊರಗೆ ತಳ್ಳುವ ಕಾಲುವೆಗಳೇ ಆ ಟೈರಿನಲ್ಲಿ ಕಡಿಮೆ. ಟ್ರ್ಯಾಕಿಗೆ ಹೋಗುವವರು ಅದನ್ನು ಬೇರೆ ಡಿಸ್ಕಿಗೆ, ಅಂದರೆ ಚಕ್ರದ ರಿಮ್ಮಿಗೆ, ಕೂರಿಸಿ ಡಿಕ್ಕಿಯಲ್ಲಿ ಒಯ್ಯಲಿ, ಅಲ್ಲಿಗೆ ತಲುಪಿ ಬದಲಾಯಿಸಿಕೊಳ್ಳಲಿ. ನಾಲ್ಕೂ ಹಿಡಿಸದ ಕಾರಾದರೆ ಜೊತೆಗೆ ಇನ್ನೊಂದು ಗಾಡಿ ಬೇಕಾಗುತ್ತದೆ.