ಗೊಂಬೆಯ ಮೇಲೆ ಕಲಿತ ಸಿಪಿಆರ್ ವಾರ್ಡಿನಲ್ಲಿ ಏಕೆ ಕೈಕೊಡುತ್ತದೆ?

ಸಿಪಿಆರ್ ಎಂದರೆ ಹೃದಯ ನಿಂತಾಗ ಎದೆ ಒತ್ತಿ ರಕ್ತ ಹರಿಯುವಂತೆ ಮಾಡುವ ತುರ್ತು ಚಿಕಿತ್ಸೆ. ವಯಸ್ಕರಾದರೆ ಎದೆಯನ್ನು ನಿಮಿಷಕ್ಕೆ 100ರಿಂದ 120 ಸಲ, 5ರಿಂದ 6 ಸೆಂಟಿಮೀಟರ್ ಆಳಕ್ಕೆ ಒತ್ತಬೇಕು. ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಲು ಬಿಡಬೇಕು. ಇದನ್ನು ಅರ್ಧ ದಿನದಲ್ಲಿ ಮನುಷ್ಯಾಕಾರದ ತರಬೇತಿ ಗೊಂಬೆಯ ಮೇಲೆ ಕಲಿಯಬಹುದು. ಕಲಿತವರು ಸಮಯ ಬಂದಾಗ ಹಾಗೆಯೇ ಮಾಡುತ್ತಾರಾ?

ಶಿಕಾಗೊ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಇದನ್ನು ಅಳೆದು ನೋಡಿದರು. ವರದಿ ಬಂದದ್ದು 2005ರಲ್ಲಿ. ಒತ್ತಿದವರೆಲ್ಲ ತರಬೇತಿ ಪಡೆದ ಸಿಬ್ಬಂದಿಯೇ. ಆದರೂ ಮೂರರಲ್ಲಿ ಒಂದಕ್ಕಿಂತ ಜಾಸ್ತಿ ಒತ್ತುಗಳು ಸಾಕಷ್ಟು ಆಳಕ್ಕೆ ಇಳಿದಿರಲಿಲ್ಲ.

ಇದನ್ನು ಅಸಡ್ಡೆ ಎನ್ನಲು ನನಗೆ ಮನಸ್ಸಿಲ್ಲ. ತರಬೇತಿಯಲ್ಲಿ ಗೊಂಬೆ ಮಲಗಿರುವುದು ಸಾಮಾನ್ಯವಾಗಿ ಗಟ್ಟಿ ನೆಲದ ಮೇಲೆ. ವಾರ್ಡಿನಲ್ಲಿ ರೋಗಿ ಇರುವುದು ಮೆತ್ತನೆ ಹಾಸಿಗೆಯಲ್ಲಿ. ಒತ್ತಿದ್ದರಲ್ಲಿ ಒಂದಿಷ್ಟನ್ನು ಹಾಸಿಗೆಯೇ ನುಂಗಿಬಿಡುತ್ತದೆ. ಕೈ ಆಳಕ್ಕೆ ಹೋದಂತೆ ಅನ್ನಿಸುತ್ತದೆ, ಎದೆ ಮಾತ್ರ ಅಷ್ಟು ಇಳಿದಿರುವುದಿಲ್ಲ. ಮಂಚ ಎತ್ತರ, ಹತ್ತಿ ನಿಲ್ಲಲು ಸ್ಟೂಲ್ ಸಿಗುವುದಿಲ್ಲ. ಪಕ್ಕೆಲುಬು ಮುರಿದೀತೆಂಬ ಭಯ ಬೇರೆ. ಎರಡು ನಿಮಿಷಕ್ಕೆ ತೋಳು ಸೋಲುತ್ತದೆ. ಮುಂದೆ ಯಾರು ಒತ್ತಬೇಕು ಅಂತ ಮೊದಲೇ ಮಾತಾಡಿಕೊಂಡಿರುವುದಿಲ್ಲ. ಇದ್ಯಾವುದನ್ನೂ ಕ್ಲಾಸಿನಲ್ಲಿ ಅಭ್ಯಾಸ ಮಾಡಿಸಿರುವುದಿಲ್ಲ, ಅಲ್ವಾ?

ಜೊತೆಗೆ ಮರೆವು. ಕೆಲವೇ ತಿಂಗಳಲ್ಲಿ ಕೈಯ ರೂಢಿ ತಪ್ಪುತ್ತದೆ, ಸರ್ಟಿಫಿಕೇಟು ಮಾತ್ರ ಸಾಮಾನ್ಯವಾಗಿ ಎರಡು ವರ್ಷ ನಡೆಯುತ್ತದೆ. ಕೆನಡಾದಲ್ಲಿ ನರ್ಸ್‌ಗಳನ್ನು ಗುಂಪು ಮಾಡಿ ಬೇರೆ ಬೇರೆ ಅಂತರದಲ್ಲಿ ಅಭ್ಯಾಸ ಮಾಡಿಸಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ವರ್ಷದ ಕೊನೆಗೆ ನೋಡಿದರೆ, ತಿಂಗಳಿಗೊಮ್ಮೆ ಒತ್ತಿದವರಲ್ಲಿ ಶೇ. 58 ಮಂದಿ ಉತ್ತಮ ಮಟ್ಟದಲ್ಲಿದ್ದರು. ವರ್ಷಕ್ಕೊಮ್ಮೆ ಒತ್ತಿದವರಲ್ಲಿ ಶೇ. 15 ಮಂದಿ ಮಾತ್ರ.

ಹಾಗಾಗಿ ಇನ್ನೊಂದು ದೊಡ್ಡ ಕ್ಲಾಸು ಇಡುವುದಕ್ಕಿಂತ ಗೊಂಬೆಯನ್ನೇ ವಾರ್ಡಿಗೆ ತರುವುದು ಮೇಲು. ಅದೇ ಮಂಚ, ಅದೇ ಎಮರ್ಜೆನ್ಸಿ ಟ್ರಾಲಿ, ಅದೇ ಪಾಳಿಯ ಜನ. ಐದು ನಿಮಿಷ ಸಾಕು. ಎಷ್ಟು ಆಳ, ಎಷ್ಟು ವೇಗ ಅಂತ ಆಗಲೇ ತೋರಿಸುವ ಗೊಂಬೆಯಾದರೆ ಇನ್ನೂ ಒಳ್ಳೆಯದು. ‘ಚೆನ್ನಾಗಿ ಮಾಡಿದ್ರಿ’ ಎಂಬ ಮಾತಿನಿಂದ ಕೈ ತಿದ್ದಿಕೊಳ್ಳುವುದಿಲ್ಲ. ಒತ್ತುತ್ತಿರುವಾಗಲೇ ‘ಇನ್ನೂ ಒಂದು ಸೆಂಟಿಮೀಟರ್’ ಅಂತ ಗೊತ್ತಾದರೆ ತಿದ್ದಿಕೊಳ್ಳುತ್ತದೆ.

ಇಂಥ ಅಣಕು ಕಾರ್ಯಾಚರಣೆಯಲ್ಲಿ ವಾರ್ಡಿನ ಕೊರತೆಗಳೂ ಹೊರಬೀಳುತ್ತವೆ. ಟ್ರಾಲಿಯ ಡ್ರಾಯರ್‌ಗೆ ಬೀಗ ಬಿದ್ದಿರಬಹುದು, ಹೃದಯಕ್ಕೆ ಶಾಕ್ ಕೊಡುವ ಯಂತ್ರದ ಬ್ಯಾಟರಿ ಇಳಿದಿರಬಹುದು. ಅದನ್ನು ಸರಿಮಾಡುವ ಹೊಣೆ ನರ್ಸ್‌ಗಳದ್ದಷ್ಟೇ ಅಲ್ಲ, ಆಡಳಿತದ್ದೂ ಹೌದು.